ಹದಿನಾಲ್ಕನೆಯ ತುಣುಕು

ಲ್ಯಾಬಿನ ಮಹಡಿ ಕೋಣೆ,
ಮಾರ್ಚ್ ೩

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೊಸ ಕೆಲಸದಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲಿದ್ದಾಗಿನ ಹಾಗೆ ಬಿಸ್ಕತ್ತಿನಲ್ಲೇ ದಿನ ನೂಕುತ್ತೀಯೋ? ಅಮ್ಮ ಚೆನ್ನಾಗಿದ್ದಾಳೆ. ಬಂದವರಿಗೆಲ್ಲ ನಿನ್ನ ಥೀಸಿಸ್ಸಿನ ಚಿತ್ರ ತೋರಿಸಿ, "ಇದು ಹುಲ್ಲಲ್ಲ, ನನ್ ಮಗಳು ಬೆಳೆಸಿದ ತಂತಿ, ಕೂದಲಿಗಿಂತ ಸಾವಿರ ಪಾಲು ಸಣ್ಣದು" ಎನ್ನುತ್ತಾಳೆ.

ನನ್ನ ಪಾಡು ಕೇಳು. ನೀನು ಬಿಟ್ಟುಹೋದ ಅದೇ ಫರ್ನೇಸ್, ಅದೇ ಪುಡಿ, ಅದೇ ಒಂಬೈನೂರು ಡಿಗ್ರಿ, ನೀನು ಬರೆದಿಟ್ಟಷ್ಟೇ ಗ್ಯಾಸ್. ಆದರೂ ಐದು ತಿಂಗಳಿಂದ ಸಿಲಿಕಾನ್ ತುಣುಕಿನ ಮೇಲೆ ಜಿಂಕ್ ಆಕ್ಸೈಡಿನ ಒಂದು ತಂತಿಯೂ ಎದ್ದಿಲ್ಲ. ಬರೀ ಬೂದುಬಣ್ಣದ ಹಕ್ಕಳೆ. "ನಿಮ್ಮಕ್ಕನಿಗೆ ಬಂತಲ್ಲಮ್ಮ, ನಿನಗ್ಯಾಕೆ ಬರ್ತಿಲ್ಲ?" ಎಂದು ಗೈಡ್ ಕೇಳುವಾಗಲೆಲ್ಲ ಭೂಮಿ ಬಾಯಿಬಿಡಬಾರದೇ ಎನಿಸುತ್ತದೆ. ಮೊದಲು ಸಿಲಿಂಡರಿನ ಮೇಲೆ ಅನುಮಾನ ಬಂತು, ಬದಲಾಯಿಸಿದೆ. ಆಮೇಲೆ ಪಕ್ಕದ ಮೇಜಿನ ಗಡ್ಡದವನ ಮೇಲೆ. ನಾನು ಊಟಕ್ಕೆ ಹೋದಾಗ ಬಿಸಿ ಏರಿಸಿ ಇಳಿಸಿ ಕೈಯಾಡಿಸುತ್ತಾನೆಂದು ಮೂರು ದಿನ ಫರ್ನೇಸಿನ ಮುಂದೆಯೇ ಡಬ್ಬಿ ಬಿಚ್ಚಿ ಉಂಡೆ. ಪಾಪ, ಅವನು "ಕುರ್ಚಿ ತಂದ್ಕೊಡ್ಲಾ?" ಎಂದು ಕೇಳಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳು ನಾನೇ ಇರಬೇಕೆಂದು ಅತ್ತದ್ದೂ ಆಯಿತು.

ಕೊನೆಗೆ ನಿನ್ನ ಹಳೆಯ ತುಣುಕುಗಳನ್ನೇ ನೋಡಿ ಕಲಿಯೋಣವೆಂದುಕೊಂಡೆ. ಅವನ್ನಿಟ್ಟ ಡಬ್ಬಿ ಎಲ್ಲಿದೆಯೆಂದು ಫೋನಿನಲ್ಲಿ ಕೇಳಿದರೆ, "ಅದನ್ಯಾಕೆ ಕೆದಕ್ತೀಯೇ, ಎಸೆದ್ಬಿಡು" ಎಂದು ನೀನು ರೇಗಿದೆ. ನಿನ್ನ ತುಣುಕನ್ನು ಯಾರಾದರೂ ಮುಟ್ಟಿದರೆ ಎರಡು ದಿನ ಮಾತು ಬಿಡುತ್ತಿದ್ದವಳು ನೀನು! ಅಂದಿನಿಂದ ನನಗೆ ಅನ್ನ ರುಚಿಸುತ್ತಿಲ್ಲ.

ಆರೋಗ್ಯ ನೋಡಿಕೋ. ಅಮ್ಮ ನಿನ್ನನ್ನು ನೆನೆಯದ ದಿನವಿಲ್ಲ.

ನಿನ್ನ
ಪುಟ್ಟಿ

ತಾ.ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಡಬ್ಬಿ ಸಿಕ್ಕಿತು. ಥೀಸಿಸ್ಸಿನ ಚಿತ್ರ ಹದಿನಾಲ್ಕನೆಯ ತುಣುಕಿನದೆಂದು ಬರೆದಿದ್ದೀಯ. ಅದರ ಬೆನ್ನ ಮೇಲಿನ ಅಂಕಿಯೂ ನೀನೇ ಗೀಚಿದ್ದು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಮೂಲೆಮೂಲೆ ಹುಡುಕಿದೆ. ತಂತಿಯಿಲ್ಲ, ಹಕ್ಕಳೆಯೇ. ನಿನ್ನ ಚಿತ್ರ ಅದೇ ಯಂತ್ರದ ಕಂಪ್ಯೂಟರಿನಲ್ಲಿ, ಬೇರೊಬ್ಬರ ಹೆಸರಿನಡಿ, ನೀನು ಲ್ಯಾಬಿಗೆ ಸೇರುವುದಕ್ಕೆ ಎರಡು ವರ್ಷ ಮೊದಲಿನ ತಾರೀಖಿನಲ್ಲಿದೆ. ಹದಿನೈದಕ್ಕೆ ನಾನು ವರದಿ ಕೊಡಬೇಕು. ಇದನ್ನು ಮುಚ್ಚಿಟ್ಟು ಬರೆಯಲಾರೆ. ನಿನ್ನ ಕೆಲಸಕ್ಕೆ ಕುತ್ತು ಬರಬಹುದೆಂದು ಗೊತ್ತಿದೆ ಅಕ್ಕಾ. ಅಷ್ಟರೊಳಗೆ ಗೈಡಿಗೆ ನೀನೇ ಹೇಳಿಬಿಡು. ಫೋನು ಮಾಡುವಾಗ ಪಕ್ಕದಲ್ಲಿ ಯಾರಾದರೂ ಕೂತಿರಬೇಕೆನಿಸಿದರೆ, ಶನಿವಾರದ ಬಸ್ಸಿಗೆ ಬರುತ್ತೇನೆ.