ಹಗ್ಗದ ಕೆಳಗೆ ಕುರ್ಚಿ

ಮತ್ತೆ, ನಿನ್ನೆ ಬರೆದಿದ್ದೆನಲ್ಲ, ರಸ್ತೆ ಕೆಲಸದವರು ಬರುತ್ತಾರೆಂದು. ಇವತ್ತು ಬಂದೇಬಿಟ್ಟರು ಕಣೇ. ನೀನಿದ್ದಾಗ ನಿನ್ನ ಕೋತಿಗಳಿಗೆಂದು ಈ ಮರದಿಂದ ರಸ್ತೆಯಾಚೆಯ ಮರಕ್ಕೆ ಕಟ್ಟಿಸಿದ್ದ ಹಗ್ಗದ ಸೇತುವೆ ಈಗ ಎತ್ತರದ ಲಾರಿಗಳಿಗೆ ತಗಲುತ್ತದಂತೆ. ಕತ್ತರಿಸಬೇಕಂತೆ. ನಾನು ಮನೆಯಿಂದ ಕುರ್ಚಿ ತಂದು ಅದರ ಕೆಳಗೆ, ನಡುರಸ್ತೆಯಲ್ಲೇ ಕೂತೆ.

"ಏಳಿ ತಾತ. ಕೋತಿಗೇನು, ಇಳಿದು ರಸ್ತೆ ದಾಟ್ಕೊಳ್ಳತ್ತೆ," ಅಂದ ಮೇಸ್ತ್ರಿ.

"ಇದು ಊರ ಕೋತಿ ಅಲ್ಲಪ್ಪ. ಮೋಡ ಕವಿಯೋ ಈ ಕಾಡು ಬಿಟ್ರೆ ಬೇರೆ ಕಡೆ ಬದುಕಲ್ಲ, ನೆಲಕ್ಕೂ ಇಳಿಯಲ್ಲ. ಮೂರು ವರ್ಷಕ್ಕೆ ಒಂದೇ ಮರಿ. ಹಗ್ಗ ತೆಗೆದ್ರೆ ಆ ಕಡೆಯವು ಆ ಕಡೆ, ಈ ಕಡೆಯವು ಈ ಕಡೆ. ಜೋಡಿ ಸಿಗದೆ ವಂಶಾನೇ ಮುಗಿಯತ್ತೆ. ಎಂಡೇಂಜರ್ಡ್ ಸ್ಪೀಶೀಸ್. ಅದರ ಮುಂದೆ ಇನ್ನೊಂದು ದೊಡ್ಡ ಇಂಗ್ಲಿಷ್ ಪದ ಇದೆ, ಅದನ್ನ ಕಾಲೇಜಲ್ಲೇ ಮರೆತುಬಂದೆ."

ಅವನು ನಕ್ಕ. "ಇದರ ಮೇಲೆ ದಾಟಿದ್ದು ನೀವು ನೋಡಿದೀರಾ?"

"ಎಷ್ಟೋ ಸಲ. ನನ್ನ ಹೆಂಡತಿ ಪಕ್ಕದಲ್ಲೇ ನಿಂತು," ಅಂದೆ, ಕಣ್ಣು ಮಿಟುಕಿಸದೆ.

ಅವು ದಾಟೋದು ನೋಡು ಬಾ ಎಂದು ನೀನು ಬೆಳಗಿನ ಚಳಿಯಲ್ಲಿ ಎಬ್ಬಿಸುತ್ತಿದ್ದೆ, ನಾನು ಕಂಬಳಿ ಎಳೆದುಕೊಳ್ಳುತ್ತಿದ್ದೆ. ಅದೆಲ್ಲ ಅವನಿಗೇಕೆ.

ಮೇಸ್ತ್ರಿ ತನ್ನ ಸಾಹೇಬರನ್ನು ಕರೆತರಲು ಹೋಗಿದ್ದಾನೆ. ಬರಲಿ. ಅವರ ಮೇಲಿನ ಸಾಹೇಬರೂ ಬರಲಿ. ಬೆಳಿಗ್ಗೆ ಅವು ದಾಟುವ ಹೊತ್ತಿಗೆ ನಾನಿಲ್ಲೇ ಇರುತ್ತೇನೆ, ಈ ಸಲ ಎಚ್ಚರವಾಗಿಯೇ.

ಬೆಳಕು ಹೋಗುತ್ತಿದೆ, ನಾನು ಬರೆದದ್ದು ನನಗೇ ಕಾಣುತ್ತಿಲ್ಲ. ಬರೆಯುವುದನ್ನು ನಿಲ್ಲಿಸುತ್ತೇನೆ, ಏಳುವುದಿಲ್ಲ.