ಬೋಗುಣಿ ಒಳಗೆ ಬಂತು

ಅಪ್ಪಾ,

ಹಿತ್ತಲ ಗೂಟದಲ್ಲಿ ತೂಗುತ್ತಿದ್ದ ನಿನ್ನ ಬೋಗುಣಿ ಈಗ ಅಡುಗೆಮನೆಯೊಳಗಿದೆ. ಇದನ್ನು ಕೇಳಿದ್ದರೆ ನೀನು ನಗುತ್ತಿದ್ದೆಯೋ, ಅಥವಾ...

ಮಗ್ಗಕ್ಕೆ ರಜೆ ಇದ್ದ ದಿನ ನೀನು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಖೀಮಾ ಕಲಸುತ್ತಿದ್ದುದು ಕಣ್ಣ ಮುಂದಿದೆ. ಅವ್ವ ಪಂಢರಪುರದ ಮಾಲೆ ಹಾಕಿದವಳು, ಮಾಂಸ ಮುಟ್ಟದವಳು. ಹಾಗಾಗಿ ನಿನ್ನ ಒಲೆಯೂ ಬೋಗುಣಿಯೂ ಹೊರಗೇ. ಬೆಳ್ಳುಳ್ಳಿ, ಕೊತ್ತಂಬರಿ, ಪುಟಾಣಿ ಹಿಟ್ಟು, ಮೂಗು ಸುರಿಯುವಷ್ಟು ಮಸಾಲೆ ಖಾರ ಬೆರೆಸಿ ಉಂಡೆ ಕಟ್ಟಿ, ಬೋಗುಣಿಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕಿಟಕಿಯೊಳಗಿಂದ ಅವ್ವನ ದನಿ: "ಉಪ್ಪು ಕಮ್ಮಿ ಬಿದ್ದೈತಿ ನೋಡ್ರಿ." ಒಮ್ಮೆಯೂ ರುಚಿ ನೋಡದವಳ ಮಾತು ಒಮ್ಮೆಯೂ ತಪ್ಪಿದ್ದಿಲ್ಲ. "ಬಾಯಿಗೆ ಮಾಲಿ ಹಾಕ್ಯಾಳ, ಮೂಗಿಗೆ ಹಾಕಿಲ್ಲ" ಎಂದು ನೀನು ನನಗೆ ಕಣ್ಣು ಹೊಡೆಯುತ್ತಿದ್ದೆ.

ಜಮಖಂಡಿಯಲ್ಲಿ ನಡೆದ ಜಾತಿವಿರೋಧಿ ಸಭೆಯಿಂದ ನಾನು ಕಿರುಹೊತ್ತಿಗೆಗಳ ಕಟ್ಟು ತಂದ ದಿನ ನೆನಪಿದೆಯೇ? ಪಾತ್ರೆಗೆ ಮೈಲಿಗೆ ಅನ್ನುವ ಮನೆ ನಾಳೆ ಮನುಷ್ಯರಿಗೂ ಅದನ್ನೇ ಅನ್ನುತ್ತದೆ, ಬೋಗುಣಿ ಒಳಗೆ ಬರಲೇಬೇಕು ಎಂದು ಕೂಗಾಡಿದ್ದೆ. ಆ ಮಾತನ್ನು ಇಂದಿಗೂ ನಂಬುತ್ತೇನೆ. ನೀನು ಕೆಂಡ ಊದುತ್ತಲೇ ಹೇಳಿದ್ದೆ: "ಲೇ ತಮ್ಮಾ, ಆಕಿ ಒಳಗ, ನಾ ಹೊರಗ. ನಡುವ ಕಿಡಕಿ ಐತಿ. ಇನ್ನೇನ್ ಬೇಕಲೇ?" ಆಗ ನಿನ್ನನ್ನು ಹೇಡಿ ಅಂದುಕೊಂಡಿದ್ದೆ.

ವರ್ಷಗಳ ನಂತರ ಒಂದು ಮಧ್ಯಾಹ್ನ ಮಗ್ಗದ ಮುಂದೆಯೇ ನಿನ್ನ ಎದೆಬಡಿತ ನಿಂತಿತು. ಅಂದಿನಿಂದ ಅವ್ವ ಬಡಿಸಿದರೆ ಉಣ್ಣುತ್ತಾಳೆ, ಇಲ್ಲದಿದ್ದರೆ ಇಲ್ಲ. ಯಾರೊಂದಿಗೂ ಜಗಳವಿಲ್ಲ. ಜಗಳವಾಡದ ಅವ್ವನನ್ನು ನೀನು ನೋಡಿದ್ದೆಯಾ?

ನಿನ್ನೆ ನಾನೇ ಖೀಮಾ ತಂದು ಕಲಸಿದೆ. ಹಿತ್ತಲಿಗೆ ಹೊರಟರೆ ಅವ್ವ ತಡೆದಳು. "ಒಳಗ ಮಾಡು. ಇನ್ನ ಯಾರಿಗಂತ ಹೊರಗ?" ತಾನೇ ಬೋಗುಣಿ ಇಳಿಸಿ, ಬೂದಿ ಹಚ್ಚಿ ತಿಕ್ಕಿ ತಂದು ಗ್ಯಾಸಿನ ಮೇಲಿಟ್ಟಳು. ಅಷ್ಟು ವರ್ಷ ಕೂಗಿ ಕೇಳಿದ್ದನ್ನು ಒಂದೇ ಮಾತಿನಲ್ಲಿ ಕೊಟ್ಟುಬಿಟ್ಟಳು. ಗೆದ್ದೆನಲ್ಲ, ಅಪ್ಪಾ.

ಮೇಲೆ ಕೆಂಡವಿಲ್ಲದ ಉಂಡೆಗಳು ತಳದಲ್ಲಿ ಸೀದು, ನೆತ್ತಿಯಲ್ಲಿ ಹಸಿಯಾಗಿಯೇ ಉಳಿದವು. ಅದು ದೊಡ್ಡದಲ್ಲ. ಬೇಕೆಂದೇ ನಾನು ಉಪ್ಪು ಹಾಕಿರಲಿಲ್ಲ. ಅವ್ವ ಒಲೆಯ ಪಕ್ಕದಲ್ಲೇ ಕೂತಿದ್ದಳು. ಕಾದೆ, ಕಾದೆ. ಕೊನೆಗೆ ನಾನೇ ಕೇಳಿದೆ, ಉಪ್ಪು ಸರಿ ಇದೆಯಾ ಎಂದು.

"ತಿಳಿವಲ್ದಪ್ಪಾ" ಅಂದಳು.

ನಾಳೆ ಬೋಗುಣಿಯನ್ನು ಮತ್ತೆ ಗೂಟಕ್ಕೆ ಹಾಕುತ್ತೇನೆ. ನನ್ನ ಕಿರುಹೊತ್ತಿಗೆಗಳು ಏನಾದರೂ ಅಂದುಕೊಳ್ಳಲಿ. ರಜೆ ಬಂದಾಗಲೆಲ್ಲ ಹಿತ್ತಲಲ್ಲಿ ಕೆಂಡ ಮಾಡಿ, ಕಿಟಕಿ ತೆರೆದಿಟ್ಟು, ಉಪ್ಪಿಲ್ಲದ ಉಂಡೆ ಬೇಯಿಸುತ್ತೇನೆ. ಒಳಗಿಂದ ಬೈಗುಳ ಬರುವವರೆಗೂ.