ದವಡೆಯಿಲ್ಲದ ಮೀನಿನ ಉಸಿರು

ಅನುಪಮಕ್ಕಾ,

ನೀನು ತೀರಿಕೊಂಡ ಮೇಲೆ ಅಚ್ಚಾದ ನಿನ್ನ ಸಂಶೋಧನಾ ಲೇಖನ ಇವತ್ತು ದಬ್ಬೇಘಟ್ಟದ ಮನೆಗೆ ಬಂತು. ಅಮ್ಮ ಕೊಬ್ಬರಿಯ ಕರಟ ಬಿಡಿಸುತ್ತಾ, ಕನ್ನಡದಲ್ಲಿ ಓದಿ ಹೇಳು ಅಂದಳು. ಸಾಲು ಸಾಲಾಗಿ ಅನುವಾದಿಸಿದೆ. ನೀನು ಪರೀಕ್ಷಿಸಿದ, ದವಡೆಯಿಲ್ಲದ ಆ ಪುರಾತನ ಜಾತಿಯ ಮೀನಿನ ಮಿದುಳಿನಲ್ಲಿ ಉಸಿರಿನ ಗತಿಯನ್ನು ತಡೆದು ಹಿಡಿಯುವ ಸಂಕೇತಗಳಿವೆ. ಔಷಧ ಹಾಕಿ ಅವನ್ನು ಅಡ್ಡಗಟ್ಟಿದರೆ ಉಸಿರಾಟ ಚುರುಕಾಗುತ್ತದೆ, ಲಯ ಬದಲಾಗುತ್ತದೆ, ಆದರೆ ನಿಲ್ಲುವುದಿಲ್ಲ.

"ನಿಲ್ಲಕಿಲ್ವಾ?"

"ಇಲ್ಲಮ್ಮ."

"ಮತ್ತೆ ಮಲಗಿದ್ದ ಹಂಗೇ ಅವಳ ಉಸಿರ್ಯಾಕೆ ನಿಂತೋಯ್ತು? ಅದ್ನೂ ಬರ್ದಿರ್ತಾಳೆ, ನೋಡೇ."

ಇದು ಬರೀ ಮೀನಿನ ವಿಷಯ ಎಂದೆ.

"ನೀನೇ ಏನೋ ಬುಟ್ಟಿದ್ದೀಯ ಕಣೇ. ಇನ್ನೊಂದ್ ದಪ ಓದು."

ಒಂದು ಪದವನ್ನೂ ಬಿಟ್ಟಿರಲಿಲ್ಲ. ಮತ್ತೆ ಮೊದಲಿನಿಂದ ಓದಿದೆ.